ಏಪ್ರನ್ ಬಿಚ್ಚಿಟ್ಟ ಬತೂಲ್

ನಮ್ಮ ಬತೂಲ್ ಯಾರನ್ನೂ ನಂಬುವವಳಲ್ಲ. ಅಂಗಡಿಯವನ ಮುಂದೆಯೇ ಮೊಟ್ಟೆಯನ್ನು ನೀರಿಗೆ ಹಾಕಿ ನೋಡುತ್ತಾಳೆ. ನಾನು ಚಹಾ ಬಗ್ಗಿಸಿ ಕೊಟ್ಟರೂ "ಇವತ್ತೇನು ವಿಶೇಷ?" ಎನ್ನುತ್ತಾಳೆ. ಮೆಕ್ನೆಸ್ ಊರಿನ ಹಳೇಪೇಟೆಯ ಮಿಠಾಯಿ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಅವಳ ಪಕ್ಕದ ಮಣೆಯಲ್ಲಿ ಕೂತವಳು ನಾನು. ಬಾದಾಮಿ ಹೂರಣ ತುಂಬಿ ಜಿಂಕೆಕೊಂಬು ಎಂಬ ಮಿಠಾಯಿ ಬಗ್ಗಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಗುಮಾನಿಯಲ್ಲೂ ಇಲ್ಲ.

ಒಂದು ಶುಕ್ರವಾರ ಮಾಲೀಕ ಹಾಜಿ ಬೆನೈಸಾ ನಮಗೆಲ್ಲ ಕುರಿಮಾಂಸದ ಕುಸ್‌ಕುಸ್ ಹಾಕಿಸಿದ. ನಾವು ತಿಂದೆವು. ಬತೂಲ್ ಬರೀ ತರಕಾರಿ ಕೆದಕಿದಳು. ಊಟವಾದ ಮೇಲೆ ಹಾಜಿ ಬಾಯಿಬಿಟ್ಟ.

"ಇನ್ಮೇಲೆ ನೀವು ನನ್ನ ಆಳುಗಳಲ್ಲ ತಾಯಂದ್ರಾ. ಸಂಬಳ ಇಲ್ಲ, ಗುತ್ತಿಗೆ. ಮಾಡಿದಷ್ಟು ಕೊಂಬಿಗೆ ದುಡ್ಡು, ಒಂದು ಕಡಿತ ಇಲ್ಲ. ನಿಮಗೆ ನೀವೇ ಯಜಮಾನ್ತೀರು. ಇಲ್ಲೊಂದು ಸಹಿ ಹಾಕಿ, ಸಾಕು."

"ಇಪ್ಪತ್ತು ವರ್ಷ 'ಏ ಬತೂಲ್' ಅಂದೋರು ಇವತ್ತು ಯಜಮಾನ್ತಿ ಅಂತಿದೀರಲ್ಲ ಹಾಜಿ, ಮೈಗೆ ಹುಷಾರಿದೆ ತಾನೆ?" ಎಂದಳು ಬತೂಲ್.

ಸಹಿ ಹಾಕದವರಿಗೆ ಮಣೆಯಿಲ್ಲ ಎಂದು ಗೊತ್ತಾದ ಮೇಲೆ ಅವಳೂ ಹಾಕಿದಳು, ಎಲ್ಲರಿಗಿಂತ ಕೊನೆಗೆ.

ಯಜಮಾನ್ತಿಯರಾಗಿ ನಮಗೆ ಸಿಕ್ಕಿದ್ದೇನೂ ಇಲ್ಲ. ಬೆಳಗ್ಗೆ ಅದೇ ಹೊತ್ತಿಗೆ ಹಾಜರಿ, ಅದೇ ಬಿಳಿ ಏಪ್ರನ್, ಬಚ್ಚಲಿಗೆ ಹೋಗಲೂ ಹಾಜಿಯ ಅಪ್ಪಣೆ. ನಿಂತುಹೋದದ್ದು ಒಂದೇ, ನಮ್ಮ ಹೆಸರಿನಲ್ಲಿ ಅವನು ನಿರುದ್ಯೋಗ ವಿಮೆಗೆ ಕಟ್ಟುತ್ತಿದ್ದ ಪಾಲು. ಅದು ತಿಳಿದದ್ದು ನಮ್ಮ ಜೊತೆಯ ಯಾಮ್ನಾಳಿಂದ. ಮದುವೆಗಳ ಕಾಲ ಮುಗಿದಾಗ ಹಾಜಿ ಅವಳನ್ನು ಕೆಲಸದಿಂದ ಬಿಡಿಸಿದ. ನಿರುದ್ಯೋಗ ಭತ್ಯೆ ಕೇಳಲು ಕಚೇರಿಗೆ ಹೋದರೆ, "ನೀನು ಕೆಲಸ ಕಳ್ಕೊಂಡೋಳಲ್ಲಮ್ಮ, ನಿನ್ನ ಸ್ವಂತ ವ್ಯಾಪಾರ ನಿಂತಿದೆ ಅಷ್ಟೆ" ಎಂದು ಸಾಗಹಾಕಿದರು.

ರಂಜಾನ್ ಹಬ್ಬ ಕಳೆದರೆ ಮುಂದಿನ ಸರದಿ ನಮ್ಮದು. ಗಂಡ ತೀರಿಹೋದ ಬತೂಲ್‌ಗೆ ಭತ್ಯೆ ಬಾರದಿದ್ದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅವಳು ಯಾರಿಗೂ ಹೇಳದೆ ಕಾರ್ಮಿಕ ಇಲಾಖೆಗೆ ಹೋಗಿ ದೂರು ಕೊಟ್ಟು ಬಂದಳು. ನನಗೂ ಹೇಳಲಿಲ್ಲ. ಹಾಜಿಗೆ ಚಾಡಿ ಹೇಳಿಯೇನು ಎಂದುಕೊಂಡಳಂತೆ! ಆ ಸಿಟ್ಟು ನನಗಿನ್ನೂ ಇದೆ.

ಹಬ್ಬ ಇನ್ನೇನು ಬಂತು ಎನ್ನುವಾಗ ಕಾರ್ಮಿಕ ಇನ್ಸ್‌ಪೆಕ್ಟರ್ ಬಂದ. ಹಾಜಿ ಹಲ್ಲು ಗಿಂಜಿದ. "ಇವರೆಲ್ಲ ಸ್ವತಂತ್ರರು ಸಾಹೇಬ್ರೇ. ಮನಸ್ಸಾದ್ರೆ ಬರ್ತಾರೆ, ಬೇಡ ಅನ್ನಿಸಿದ್ರೆ ಎದ್ದು ಹೋಗ್ತಾರೆ."

ನಾವು ತಲೆ ತಗ್ಗಿಸಿ ಹಿಟ್ಟು ನಾದಿದೆವು. ಬತೂಲ್‌ಗೆ ಇನ್ಸ್‌ಪೆಕ್ಟರ್ ಮೇಲೂ ನಂಬಿಕೆಯಿಲ್ಲ. "ಇವನ ಮನೆಗೆ ಆಗ್ಲೇ ಒಂದು ಡಬ್ಬಿ ಮಿಠಾಯಿ ಹೋಗಿರತ್ತೆ, ನೋಡ್ತಿರು" ಎಂದು ನನ್ನ ಕಿವಿಯಲ್ಲಿ ಉಸುರಿ, ಎದ್ದೇಬಿಟ್ಟಳು.

"ಹಾಗಾದ್ರೆ ನಾನು ಹೊರಟೆ ಹಾಜಿ. ನನಗೀಗ ಬೇಡ ಅನ್ನಿಸ್ತಿದೆ."

ಏಪ್ರನ್ ಬಿಚ್ಚಿ ಮಣೆಯ ಮೇಲಿಟ್ಟು ಬಾಗಿಲಿಗೆ ನಡೆದಳು. ಹಬ್ಬದ ತಟ್ಟೆಗಳು ಇನ್ನೂ ಅರ್ಧವೂ ತುಂಬಿರಲಿಲ್ಲ. ಹಾಜಿಗೆ ತಡೆಯಲಾಗಲಿಲ್ಲ.

"ಏ ಬತೂಲ್! ಯಾರನ್ನ ಕೇಳಿ ಎದ್ದೆ? ಹೋಗಿ ಕೂತ್ಕೋ!"

ಹೊಸ್ತಿಲಲ್ಲಿದ್ದ ಬತೂಲ್ ಗಕ್ಕನೆ ನಿಂತಳು. ತಿರುಗಿ ಬಂದಳು. ಏಪ್ರನ್ ಕಟ್ಟಿಕೊಂಡು, ಮಣೆಯ ಮೇಲೆ ಕೂತು, ಹಿಟ್ಟಿಗೆ ಕೈ ಹಾಕಿದಳು. ತಲೆ ಎತ್ತಲಿಲ್ಲ.

ಇನ್ಸ್‌ಪೆಕ್ಟರ್ ಹಾಜಿಯ ಕಡೆ ನೋಡಲೂ ಇಲ್ಲ, ಅವಳನ್ನೇ ನೋಡುತ್ತಿದ್ದ. "ಸಾಕು, ಇನ್ನು ಯಾರನ್ನೂ ಕೇಳಬೇಕಾಗಿಲ್ಲ" ಎಂದು ಬರೆದುಕೊಂಡ.

ನಾವು ಗುತ್ತಿಗೆಯವರಲ್ಲ, ನೌಕರರೇ ಎಂದು ತೀರ್ಮಾನವಾಯಿತು. ತಪ್ಪಿಸಿದ್ದ ಪಾಲನ್ನು ಹಾಜಿ ಕಟ್ಟಬೇಕಾಯಿತು. ಹಬ್ಬ ಕಳೆದು ನಮ್ಮನ್ನು ಬಿಡಿಸಿದಾಗ ಭತ್ಯೆ ಎಲ್ಲರಿಗೂ ಬಂತು, ಯಾಮ್ನಾಳಿಗೂ ಬಂತು. ಕಚೇರಿಯ ಮೆಟ್ಟಿಲಲ್ಲೇ ನಾನು ಬತೂಲಳನ್ನು ತಬ್ಬಿಕೊಂಡೆ.

"ಎಂಥಾ ನಾಟಕ ಆಡಿದೆ ಕಣೇ! ವಾಪಸ್ ಬಂದು ಕೂತ್ಯಲ್ಲ, ಅದ್ರಿಂದಾನೇ ನಾವೆಲ್ಲ ಗೆದ್ವಿ."

ಬತೂಲ್ ನನ್ನ ಕೈ ಕೊಡವಿದಳು. ಅವಳ ಕಣ್ಣು ತುಂಬಿತ್ತು.

"ನಾಟಕ ಅಲ್ಲ ಕಣೇ. ನಾನು ಹೋಗಬೇಕು ಅಂತಾನೇ ಎದ್ದಿದ್ದೆ. 'ಏ ಬತೂಲ್' ಅಂದ ಕೂಡ್ಲೇ ಕಾಲು ತಾನಾಗೇ ತಿರುಗಿಬಿಡ್ತು."