ಬ್ರೇಕ್ ಪೈಪು ಹಾಕಿಕೊಟ್ಟ ಮಿಸ್ತ್ರಿ

ಮೊನ್ನೆ ಅಂಗಳದಲ್ಲಿ ತಮ್ಮನ ಮಗ ತನ್ನ ಜೀಪನ್ನು ಜ್ಯಾಕಿನ ಮೇಲೆ ಎತ್ತಿ ನಿಲ್ಲಿಸಿಕೊಂಡಿದ್ದ. ಎಲ್ಲಿಂದಲೋ ಸ್ಪ್ರಿಂಗ್ ತರಿಸಿ ಗಾಡಿಯನ್ನು ಅರ್ಧ ಗೇಣು ಎತ್ತರ ಮಾಡಿಸಿದ್ದಾನೆ. ಈಗ ಅದಕ್ಕೆ ಉದ್ದನೆಯ ಬ್ರೇಕ್ ಪೈಪು ಹಾಕುತ್ತಿದ್ದ. ಹಳೆಯ ಪೈಪು ಬಿಚ್ಚಿದಾಗ ಬ್ರೇಕ್ ಆಯಿಲ್ ಕಲ್ಲುಹಾಸಿನ ಮೇಲೆ ತೊಟ್ಟಿಕ್ಕಿತು. ಸ್ವಲ್ಪ ಸಿಹಿ, ಸ್ವಲ್ಪ ಕಮಟು ವಾಸನೆ... ನಾನು ಕುರ್ಚಿಯಿಂದ ಎದ್ದು ಗೇಟಿನವರೆಗೆ ಹೋದೆ, ವಾಪಸು ಬಂದೆ, ಮತ್ತೆ ಹೋದೆ. ಏನಾದರೂ ಬೇಕಿತ್ತೇ ಎಂದು ಹುಡುಗ ಕೇಳಿದ. ಏನೂ ಬೇಡ ಅಂದೆ.

ನನಗೆ ನೆನಪಾದದ್ದು ರಾಯಚೂರಿನ ಮಿಸ್ತ್ರಿ. ಹತ್ತಿ ಜಿನ್ನುಗಳ ಹಿಂದಿನ ಓಣಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ. ಕುರ್ಡಿ ಕಡೆಯ ಕುರಿಗಾರರ ಮನೆಯವನು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವನು. ಎಲ್ಲರೂ ಮಿಸ್ತ್ರಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಬ್ರೇಕ್ ಕೆಲಸವೆಂದರೆ ಅವನೇ ಆಗಬೇಕೆಂದು ಮಾನ್ವಿ, ದೇವದುರ್ಗದ ಮಿಲ್ಲಿನವರೆಲ್ಲ ಗಾಡಿ ತಂದು ಅವನ ಶೆಡ್ಡಿನ ಮುಂದೆ ಸಾಲು ಹಚ್ಚುತ್ತಿದ್ದರು. ಅವನಿಗಿದ್ದ ಆಸ್ತಿ ಅದೊಂದೇ ಹೆಸರು.

ಪೋತ್ನಾಳದಲ್ಲಿ ನಮ್ಮದು ಅಕ್ಕಿ ಗಿರಣಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಅಪ್ಪ ಒಂದು ಹಳೇ ಮಿಲಿಟರಿ ಜೀಪು ಕೊಂಡರು. ಮಳೆಗಾಲದಲ್ಲಿ ಎರೆ ಮಣ್ಣು ಜೀಪಿನ ಹೊಟ್ಟೆಗೆ ತಾಗುತ್ತಿತ್ತು. ಅದನ್ನೇ ನೆಪ ಮಾಡಿಕೊಂಡು ನಾನು ಸ್ಪ್ರಿಂಗಿಗೆ ಹೆಚ್ಚಿನ ಪಟ್ಟಿ ಹಾಕಿಸಿ ಗಾಡಿ ಏರಿಸಿದೆ. ಮಣ್ಣಿನ ಮಾತು ನಿಜವೇ. ಆದರೆ ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಎಲ್ಲರಿಗಿಂತ ಎತ್ತರದಲ್ಲಿ ಕೂತು ಪೋತ್ನಾಳದ ಬಜಾರಿನಲ್ಲಿ ಹೋಗಬೇಕೆಂಬ ಚಪಲವೂ ಅಷ್ಟೇ ನಿಜ. ಆಗ ನನ್ನದು ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಜೀವ.

ಏರಿಸಿದ ಗಾಡಿಯನ್ನು ಮಿಸ್ತ್ರಿಗೆ ತೋರಿಸಿದಾಗ ಅವನು ಕೆಳಗೆ ನುಸುಳಿ, ಹೊರಗೆ ಬಂದು, ಬೀಗದ ಕೈ ತೆಗೆದು ತನ್ನ ಜೇಬಿಗೆ ಹಾಕಿಕೊಂಡ. ಚಾಸಿಯಿಂದ ಗಾಲಿಯ ಅಚ್ಚಿಗೆ ಹೋಗುವ ಬ್ರೇಕಿನ ರಬ್ಬರ್ ಪೈಪು ಮುಂದೆಯೂ ಹಿಂದೆಯೂ ತಂತಿಯ ಹಾಗೆ ಬಿಗಿದುಕೊಂಡಿತ್ತಂತೆ. ಉದ್ದನೆಯವು ಹೈದರಾಬಾದಿನಿಂದ ಬರಬೇಕಿತ್ತು. ನಾಲ್ಕು ದಿನ. ನಾನು ದಿನಾ ಪೋತ್ನಾಳದಿಂದ ಬಸ್ಸು ಹತ್ತಿ ಹೋಗಿ ಅವನ ತಲೆ ತಿನ್ನುತ್ತಿದ್ದೆ. ಅವನೋ, ಕೈಗೆ ಕೆಲಸವಿಲ್ಲದಾಗ ಕದಿರು ಹಿಡಿದು ಉಣ್ಣೆಯ ನೂಲು ತೆಗೆಯುತ್ತ ಕೂತಿರುತ್ತಿದ್ದ. ಕುರಿ ಹಿಂದೆ ತಿರುಗುವಾಗ ಕಲಿತದ್ದು, ಕೈ ಬಿಟ್ಟಿರಲಿಲ್ಲ. ಆ ಕದಿರು ತಿರುಗುವುದನ್ನು ನೋಡಿದರೆ ನನ್ನ ಮೈಗೆ ಇರುವೆ ಬಿಟ್ಟಂತಾಗುತ್ತಿತ್ತು.

ಪೈಪು ಬಂದ ದಿನವೂ ಸೀದಾ ಹಾಕಿಕೊಡಲಿಲ್ಲ. ಚಾಸಿಗೆ ಜ್ಯಾಕು ಕೊಟ್ಟು ಗಾಲಿಗಳು ನೆಲಬಿಟ್ಟು ಪೂರ್ತಿ ಜೋತುಬೀಳುವಂತೆ ಮಾಡಿದ. ತಾನೇ ನೂತ ಕರಿ ಉಣ್ಣೆಯ ಹುರಿಯನ್ನು ಮೇಲಿನಿಂದ ಕೆಳಗೆ ಹಿಡಿದು ಅಳತೆ ತೆಗೆದ. ನೆಲದ ಮೇಲೆ ನಿಂತ ಗಾಡಿಯ ಅಳತೆಯನ್ನು ಅವನು ನಂಬುತ್ತಲೇ ಇರಲಿಲ್ಲ. ಪೈಪು ಕೂರಿಸಿದ ಮೇಲೆ ಆಯಿಲ್ ಲೈನಿನೊಳಗೆ ಸೇರಿದ ಗಾಳಿ ತೆಗೆಯಬೇಕಲ್ಲ, ನನ್ನನ್ನು ಬ್ರೇಕ್ ಪೆಡಲು ಒತ್ತಲು ಕೂರಿಸಿದ. ಅವನು ಕೆಳಗಿನಿಂದ ಒತ್ತು ಅಂದರೆ ಒತ್ತಬೇಕು, ಹಿಡಿ ಅಂದರೆ ಹಿಡಿಯಬೇಕು. ನಾಲ್ಕೂ ಗಾಲಿಗೆ, ಎರಡೆರಡು ಸಲ. ಸಾಕು ಎಂದು ನಾನು, ಇನ್ನೊಮ್ಮೆ ಎಂದು ಅವನು...

ಗಾಡಿ ಇಳಿಸಿದಾಗ ಹೊಸ ಪೈಪು ಸಡಿಲಾಗಿ ಕೆಳಗೆ ಬಾಗಿ ನಿಂತಿತು. ಬೀಗದ ಕೈ ಕೊಡುತ್ತ ಅವನು ಹೇಳಿದ್ದು ಈಗಲೂ ಕಿವಿಯಲ್ಲಿದೆ. “ನೆಲದ ಮ್ಯಾಲ ಇದ್ದಾಗ ಇದು ಜೋಲಾಡ್ತದ್ರಿ ಸಣ್ಣ ಸಾವಕಾರ್ರ. ಜೋಲಾಡ್ಲಿ ಬಿಡ್ರಿ. ಹಳ್ಳದಾಗ ಗಾಲಿ ಇಳಿದಾಗ ಅಷ್ಟೂ ಬೇಕಾಗ್ತದ.” ನಾನು ಆಗಲೇ ಎಂಜಿನ್ ಚಾಲೂ ಮಾಡಿದ್ದೆ. ಹೂಂ ಅಂದೆ.

ಎರಡು ವಾರ ಜೀಪು ಹೇಳಿದಂತೆ ಕೇಳಿತು. ಆಮೇಲೊಂದು ದಿನ ಜಾಲಿಯ ಕೊಂಬೆಯೊಂದು ಹಿಂದಿನ ಪೈಪಿಗೆ ಸಿಕ್ಕಿಕೊಂಡು ಬರಬರ ಸದ್ದು ಮಾಡಿತು. ಇಳಿದು ನೋಡಿದರೆ ಪೈಪು ಹರಿದಿರಲಿಲ್ಲ, ಜೋಲಾಡುತ್ತಿತ್ತು. ಅಷ್ಟು ಚೆಂದದ ಗಾಡಿಗೆ ಇದೇನು ಅವತಾರ ಅನಿಸಿತು. ಗಿರಣಿಯಲ್ಲಿ ಬಿದ್ದಿದ್ದ ತಂತಿ ತಂದು, ಪೈಪಿನ ಸಡಿಲನ್ನೆಲ್ಲ ಮೇಲೆತ್ತಿ ಚಾಸಿಗೆ ಬಿಗಿಯಾಗಿ ಕಟ್ಟಿದೆ. ಅಂದರೆ, ಮಿಸ್ತ್ರಿ ನಾಲ್ಕು ದಿನ ಕಾದು ಹಾಕಿದ ಉದ್ದವನ್ನು ಐದು ನಿಮಿಷದಲ್ಲಿ ಮೊದಲಿನ ಗಿಡ್ಡಕ್ಕೇ ತಂದಿಟ್ಟೆ. ನನಗೆ ಅದು ಅಚ್ಚುಕಟ್ಟಾಗಿ ಕಂಡಿತ್ತು.

ಮೂರನೆಯ ದಿನ ಅಪ್ಪನನ್ನು ಕೂರಿಸಿಕೊಂಡು ಮಸರಕಲ್ಲಿಗೆ ಹೊರಟೆ, ಭತ್ತ ನೋಡಲಿಕ್ಕೆ. ಊರು ಇನ್ನೊಂದು ಮೈಲಿ ಇರುವಾಗ ಹಳ್ಳದ ಇಳಿಜಾರು. ದಂಡೆಯ ಮೇಲೊಂದು ತಗ್ಗು, ಅದರಲ್ಲಿ ಹಿಂದಿನ ಗಾಲಿ ದಬಕ್ಕನೆ ಇಳಿಯಿತು. ಬ್ರೇಕ್ ಒತ್ತಿದರೆ ಪೆಡಲು ಸೀದಾ ನೆಲಕ್ಕೆ ಹೋಯಿತು, ನಾನು ಬಿಗಿದು ಕಟ್ಟಿದ ಪೈಪು ಕಿತ್ತಿತ್ತು. ಆ ಜೀಪುಗಳಲ್ಲಿ ಒಂದು ಕಡೆ ಪೈಪು ಕಿತ್ತರೆ ನಾಲ್ಕೂ ಗಾಲಿಯ ಬ್ರೇಕು ಹೋದಂತೆಯೇ. ಹ್ಯಾಂಡ್ ಬ್ರೇಕ್ ಎಳೆದೆ, ಅದು ಹೆಸರಿಗಷ್ಟೇ ಇತ್ತು. ಜೀಪು ಓಡಿ ಹಳ್ಳದೊಳಗಿನ ಬಂಡೆಗೆ ಬಡಿದು ವಾಲಿತು. ನನಗೆ ಹಣೆಯಲ್ಲಿ ಗೀರು. ಅಪ್ಪನ ಬಲಗಾಲು ಮೊಣಕಾಲಿನ ಕೆಳಗೆ ಮುರಿದಿತ್ತು.

ಜನ ಕೂಗು ಕೇಳಿ ಓಡಿಬಂದರು, ಅಪ್ಪನನ್ನು ಎತ್ತಿ ಬಂಡಿಯಲ್ಲಿ ಮಲಗಿಸುತ್ತಿದ್ದರು. ಆ ಗದ್ದಲದಲ್ಲಿ ನಾನು ಮಾಡಿದ್ದೇನು? ಜೀಪಿನ ಕೆಳಗೆ ಕೈ ಹಾಕಿ ಆ ತಂತಿ ಬಿಚ್ಚಿ ಜೋಳದ ಹೊಲಕ್ಕೆ ಎಸೆದೆ. ಯೋಚಿಸಿ ಮಾಡಿದ್ದಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಯೋಚಿಸಿಯೇ ಮಾಡಿದ್ದೆ.

ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಮಿಸ್ತ್ರಿಯ ಶೆಡ್ಡಿಗೆ ಎಳೆದೊಯ್ದರು. ಮರುದಿನ ಅವನು ರಾಯಚೂರಿನ ಆಸ್ಪತ್ರೆಗೆ ಬಂದ. ಅಪ್ಪನ ಮಂಚದ ಸುತ್ತ ಮೂರ್ನಾಲ್ಕು ಮಿಲ್ಲಿನವರು ಕೂತಿದ್ದರು, ಎಲ್ಲರೂ ಅವನ ಗಿರಾಕಿಗಳೇ. ಅವರ ಮುಂದೆಯೇ ಅಪ್ಪ, ನಿನ್ನನ್ನು ನಂಬಿ ಕಾಲು ಕಳಕೊಂಡೆ, ಒಂದು ತಿಂಗಳೂ ಬಾಳದ ಪೈಪು ಹಾಕಿದೆಯಲ್ಲ ಎಂದು ಅವನ ಮಾನ ತೆಗೆದರು. ಮಿಸ್ತ್ರಿ ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದ. ಅವನಿಗೆ ಗೊತ್ತಾಗಿದೆ ಅಂತ ಆ ಕ್ಷಣದಲ್ಲೇ ನನಗೆ ತಿಳಿಯಿತು. ರಬ್ಬರಿನ ಮೇಲೆ ತಂತಿ ಕಚ್ಚಿದ ಗುರುತು ಇರದೇ ಇರುತ್ತದೆಯೇ? ಅವನು ಕಾಯುತ್ತ ನಿಂತ. ನಾನು ಸಲೈನ್ ಬಾಟಲಿಯ ಹನಿಗಳನ್ನು ನೋಡುತ್ತ ನಿಂತೆ.

ಕೊನೆಗೆ ಅವನು ಅಂದ. “ಪೈಪು ಹಾಕಿದಾವ ನಾನೇ ಅದೀನ್ರಿ, ಯಪ್ಪಾ.” ಅಷ್ಟೇ ಹೇಳಿ ಕೈ ಮುಗಿದು ಹೋದ.

ಮಿಲ್ಲಿನವರ ಬಾಯಿಂದ ಸುದ್ದಿ ಊರೂರಿಗೆ ಹೋಯಿತು. ಒಂದು ವರ್ಷದೊಳಗೆ ಆ ಓಣಿಯಲ್ಲಿ ಗಾಡಿ ನಿಲ್ಲುವುದು ಬಂದಾಯಿತು. ಮಿಸ್ತ್ರಿ ಶೆಡ್ಡು ಕಿತ್ತುಕೊಂಡು ಮಾನ್ವಿಗೆ ಹೋದನೆಂದೂ, ಅಲ್ಲಿ ಸೈಕಲ್ಲು, ಪಂಪಿನ ರಿಪೇರಿ ಮಾಡುತ್ತಾನೆಂದೂ, ಯಾರು ಕೇಳಿದರೂ ಬ್ರೇಕ್ ಕೆಲಸ ಮುಟ್ಟುವುದಿಲ್ಲವೆಂದೂ ಕೇಳಿದೆ. ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಅಪ್ಪ ಕುಂಟುತ್ತ ಗಿರಣಿಯ ಅಂಗಳದಲ್ಲಿ ನಡೆಯುವಾಗಲೆಲ್ಲ ನಾನು ಏನಾದರೊಂದು ಕೆಲಸ ಹುಡುಕಿಕೊಂಡು ಹೊರಗೆ ಹೋಗುತ್ತಿದ್ದೆ.

ನಾಲ್ಕು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಮಾನ್ವಿಗೆ ಹೋದೆ. ಅವನು ಅಂಗಡಿಯ ಮುಂದೆ ಸೈಕಲ್ಲಿನ ಟ್ಯೂಬು ಉಜ್ಜುತ್ತಿದ್ದ. ಕೂತುಕೊಳ್ಳಲು ಹಲಗೆ ಸರಿಸಿದ, ಚಹಾ ಹೇಳಿದ. ತಂತಿ ಕಟ್ಟಿದ್ದು, ಬಿಚ್ಚಿ ಎಸೆದದ್ದು, ಆಸ್ಪತ್ರೆಯಲ್ಲಿ ಬಾಯಿ ಬಿಡದೆ ನಿಂತದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವನು ಟ್ಯೂಬಿನಿಂದ ಕಣ್ಣೆತ್ತಲಿಲ್ಲ.

“ನನಗ ಅವತ್ತ ಗೊತ್ತಿತ್ರಿ. ನೀವ ಹೇಳ್ತೀರಿ ಅಂತ ನಿಂತಿದ್ದೆ. ಮಗನ್ನ ಅಪ್ಪನ ಮುಂದ ಕಳ್ಳ ಮಾಡಾಕ ನನಗ ಮನಸ್ಸಾಗಲಿಲ್ಲ.” ಆಮೇಲೆ ಟ್ಯೂಬು ಕೆಳಗಿಟ್ಟು, “ಗೊತ್ತಿದ್ದಾವಗ ಬಂದು ಹೇಳಾಕತ್ತೀರಲ್ರಿ. ಸಾವಕಾರ್ರಿಗೆ ಹೇಳ್ರಿ. ಅವರು ಒಂದು ಮಾತು ಅಂದ್ರ ಸಾಕು, ನಾ ಮತ್ತ ಬ್ರೇಕಿಗೆ ಕೈ ಹಚ್ತೀನಿ” ಅಂದ.

ಇವತ್ತು ಸಂಜೆಯೇ ಹೇಳುತ್ತೇನೆಂದು ಮಾತು ಕೊಟ್ಟೆ. ಕೊಡುವಾಗ ಮನಸಾರೆ ಕೊಟ್ಟಿದ್ದೆ. ಮನೆಗೆ ಬಂದರೆ ಅಪ್ಪ ಜಗುಲಿಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದರು, ಬಾ ಕೂಡು ಅಂದರು. ಕೂತೆ. ಭತ್ತ ಒಣಗಿದೆಯೇ ಎಂದು ಕೇಳಿ ಎದ್ದು ಹೋದೆ. ಆ ಸಂಜೆ ಹೀಗಾಯಿತು, ಮರುದಿನವೂ ಹೀಗೇ ಆಯಿತು... ಎರಡು ವರ್ಷದ ಮೇಲೆ ಅಪ್ಪ ತೀರಿಕೊಂಡರು. ಸಾಯುವವರೆಗೂ, ಯಾರು ಕಾಲಿನ ಬಗ್ಗೆ ಕೇಳಿದರೂ, ಅವರು ಮಿಸ್ತ್ರಿಯ ಹೆಸರು ಹಿಡಿದೇ ಬೈಯುತ್ತಿದ್ದರು. ಆ ಅಂಗಡಿಯಿದ್ದ ರಸ್ತೆಯನ್ನು ನಾನು ಬಿಟ್ಟುಬಿಟ್ಟೆ. ಮಾನ್ವಿಗೆ ಹೋದರೂ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ಮಿಸ್ತ್ರಿಯೂ ತೀರಿಹೋದನೆಂಬ ಸುದ್ದಿ ಬಸ್ಸಿನಲ್ಲಿ ಯಾರೋ ಮಾತಾಡಿಕೊಳ್ಳುವಾಗ ಕಿವಿಗೆ ಬಿತ್ತು.

ಮೊನ್ನೆ ಆ ಅಂಗಳದಲ್ಲೇ, ತಮ್ಮನೂ ಅವನ ಮಗನೂ ಇದ್ದಾಗ, ಇದನ್ನೆಲ್ಲ ಮನೆಯವರ ಮುಂದೆ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಹೇಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ತಮ್ಮ ಒಳಗೆ ಎದ್ದು ಹೋದ. ಹುಡುಗ ಕೈ ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದ.

“ಆ ಮಿಸ್ತ್ರಿ ಮನಿಯವ್ರು ಯಾರರ ಅದಾರೇನು ದೊಡ್ಡಪ್ಪಾ? ಅವರಿಗಾದ್ರೂ ಹೇಳಿ ಬರೋಣಲ್ಲ.”

ಅವನಿಗೆ ಹೆಂಡತಿ ಇದ್ದಳೋ, ಮಕ್ಕಳಿದ್ದರೋ, ಇದ್ದರೆ ಎಲ್ಲಿದ್ದಾರೋ... ಇಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.