ಐದನೇ ನಂಬರಿನ ಲೈನು

ಮಾವನ ಮನೆಗೆ ನಾನು ಹಿರಿಯ ಅಳಿಯ, ಹೆಸರಿಗೆ ಮಾತ್ರ. ಕಾಫಿ ಲೋಟ ಮೊದಲು ಹೋಗುವುದು ಕಿರಿಯ ಅಳಿಯನ ಕೈಗೆ. ನನ್ನ ಷಡ್ಡಕ ಹಲ್ಲಿನ ಡಾಕ್ಟರು, ರಾಜೀವನಗರದಲ್ಲಿ ಸ್ವಂತ ಕ್ಲಿನಿಕ್ಕು. ನಾನು ಅಗ್ರಹಾರದ ಬಾಡಿಗೆ ಮನೆಯಲ್ಲಿರುವ ಹೈಸ್ಕೂಲು ಮೇಷ್ಟ್ರು, ಭೌತಶಾಸ್ತ್ರ ಹೇಳುವವನು. ಆ ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿದ್ದದ್ದು ಒಂದೇ ವಿಷಯದಲ್ಲಿ: ಮೀನು ಹಿಡಿಯುವುದು.

ಈರುಳ್ಳಿಗೂ ಮೂಗು ಮುರಿಯುವ ಮನೆತನದಲ್ಲಿ ಹುಟ್ಟಿದವನಿಗೆ ಈ ಹುಚ್ಚು ಹೇಗೆ ಹಿಡಿಯಿತೋ ಗೊತ್ತಿಲ್ಲ. ಭಾನುವಾರ ಬೆಳಿಗ್ಗೆ ಮಂಡಕಳ್ಳಿ ವಿಮಾನ ನಿಲ್ದಾಣದ ಕಡೆಯ ಒಂದು ಕೆರೆಗೆ ಹೋಗುತ್ತೇನೆ, ಹಿಡಿಯುತ್ತೇನೆ, ಮುತ್ತಿಡುವಷ್ಟು ಹತ್ತಿರ ಇಟ್ಟುಕೊಂಡು ನೋಡಿ ನೀರಿಗೆ ಬಿಡುತ್ತೇನೆ. ಕೆರೆಯ ಗುತ್ತಿಗೆ ಹಿಡಿದವನಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ. "ಬುಟ್ಬುಡೋದಾದ್ರೆ ಯಾಕ್ ಇಡೀತೀರ ಸ್ವಾಮಿ?" ಎಂದು ಪ್ರತಿ ಸಲ ಕೇಳುತ್ತಾನೆ.

ನನ್ನದು ಮಾಮೂಲಿ ಕೋಲು, ಗಾಳಕ್ಕೆ ಹಿಟ್ಟಿನ ಉಂಡೆ. ಆಸೆ ಮಾತ್ರ ಫ್ಲೈ ಫಿಶಿಂಗಿನದು. ಗರಿ, ದಾರ ಸುತ್ತಿ ಮಾಡಿದ ಹುಸಿ ಹುಳವನ್ನು ನೀರಿನ ಮೇಲೆ ಇಳಿಸುವ ಆ ವಿದ್ಯೆಯನ್ನು ವರ್ಷಗಟ್ಟಲೆ ಫೋನಿನಲ್ಲಿ ನೋಡಿದ್ದೇನೆ. ಪೊರಕೆ ಕೋಲಿಗೆ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಕಟ್ಟಿ ತಾರಸಿಯ ಮೇಲೆ ಬೀಸಿ ಅಭ್ಯಾಸ ಮಾಡಿದ್ದೇನೆ. ಪಕ್ಕದ ಮನೆಯವರು ಕಾಗೆ ಓಡಿಸುತ್ತಿದ್ದೇನೆ ಅಂದುಕೊಂಡಿದ್ದರು. ನಿಜವಾದ ಕೋಲು ಕೊಳ್ಳುವ ಯೋಗ ಮಾತ್ರ ಬರಲಿಲ್ಲ.

ಹೀಗಿರುವಾಗ ದಸರೆಗೆ ನಾಲ್ಕು ದಿನ ಮುಂಚೆ ಷಡ್ಡಕ ಒಂದು ಉದ್ದನೆಯ ಚೀಲ ಹಿಡಿದು ನಮ್ಮ ಮನೆಗೆ ಬಂದ. ಒಳಗೆ ಹೊಚ್ಚಹೊಸ ಫ್ಲೈ ರಾಡು, ದಾರ ಸುತ್ತುವ ರೀಲು. ದಾರ, ಅಂದರೆ ಲೈನು, ಇನ್ನೂ ಕೊಂಡಿರಲಿಲ್ಲ.

"ನೋಡಿ ಭಾವ, ತಂದ್ಬುಟ್ಟೆ! ನೀವು ಅಷ್ಟೊಂದು ಹೇಳ್ತಿದ್ರಲ್ಲ, ನಂಗೂ ಆಸೆ ಆಗೋಯ್ತು."

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎನ್ನುತ್ತಾರೆ. ಇವನಿಗೆ ಕಡಲೆಯೂ ಇತ್ತು, ಊರಿನವರ ಹಲ್ಲೆಲ್ಲ ಇವನ ಕೈಯಲ್ಲೇ ಇತ್ತು. ನಾನು ಕೋಲನ್ನು ಜೋಡಿಸಿ ಹಿಡಿದೆ. ಎಷ್ಟು ಹಗುರ! ಹಿಡಿಗಿಂತ ತುಸು ಮೇಲೆ ಕೋಲಿನ ನಂಬರು ಸಣ್ಣದಾಗಿ ಎಂಟು ಎಂದು ಬರೆದಿತ್ತು. "ಚೆನ್ನಾಗಿದೆ ಡಾಕ್ಟ್ರೇ" ಎಂದೆ. ಎದುರಿಗೆ ಅವನು ನನಗೆ 'ನೀವು', ಮನಸ್ಸಿನಲ್ಲಿ ಅವತ್ತು ಏಕವಚನಕ್ಕಿಂತ ಕೆಳಗೆ ಇಳಿದುಬಿಟ್ಟಿದ್ದ.

ಆಯುಧಪೂಜೆಗೆ ಷಡ್ಡಕನ ಮನೆಗೆ ಹೋದೆವು, ಮಾವನೂ ಬಂದಿದ್ದರು. ಕಾರು, ಹಲ್ಲು ಕೀಳುವ ಇಕ್ಕಳ, ಮಿಕ್ಸಿ, ಅವುಗಳ ಪಕ್ಕದಲ್ಲೇ ಕೋಲು, ರೀಲು. ನಾದಿನಿ ಧಾರಾಳದ ಹೆಂಗಸು. ಕೋಲಿಗೆ ಹಿಡಿಗಿಂತ ತುಸು ಮೇಲೆ ಗಂಧ ಬಳಿದು ಅದರ ಮೇಲೆ ಕಾಸಿನಗಲ ಕುಂಕುಮ ಇಟ್ಟಿದ್ದಳು. ನಂಬರು ಅದರಡಿ ಮುಚ್ಚಿಹೋಗಿತ್ತು.

ಊಟವಾದ ಮೇಲೆ ಷಡ್ಡಕ ಎಲ್ಲರೆದುರು ಕೇಳಿದ. "ಲೈನ್ ಯಾವುದು ತಗೋಬೇಕು ಭಾವ? ನಂಗಂತೂ ಒಂದೂ ತಿಳಿಯಲ್ಲ. ನೀವು ಹೇಳಿದ್ದೇ ಫೈನಲ್ಲು."

ಮಾವ ಎಲೆ ಅಡಿಕೆ ಮಡಿಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ಕ್ಲಾಸು ತೆಗೆದುಕೊಂಡೆ. ಮಾಮೂಲಿ ಗಾಳದಲ್ಲಿ ಸೀಸದ ಗುಂಡಿನ ತೂಕ ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ಹುಳಕ್ಕೆ ತೂಕವೇ ಇಲ್ಲ, ಲೈನಿನ ತೂಕವೇ ಕೋಲನ್ನು ಬಗ್ಗಿಸಬೇಕು, ಬಗ್ಗಿದ ಕೋಲು ಲೈನನ್ನು ಎಸೆಯಬೇಕು. ಕೆರೆಗಾದರೆ ತೇಲುವ ಲೈನು ಸಾಕು. ಅಲ್ಲಿಯವರೆಗೆ ಹೇಳಿದ್ದೆಲ್ಲ ಸತ್ಯ. ಕೋಲಿನ ನಂಬರು, ಲೈನಿನ ನಂಬರು ಒಂದೇ ಇರಬೇಕು ಎಂಬುದನ್ನು ಮಾತ್ರ ನುಂಗಿಕೊಂಡೆ.

"ಐದನೇ ನಂಬರು ತರಿಸಿ" ಎಂದೆ. ಆ ಬಲವಾದ ಕೋಲಿಗೆ ಐದರ ಲೈನು ತೀರಾ ಹಗುರ, ಕೋಲು ಬಗ್ಗುವುದೇ ಇಲ್ಲ. ಗೊತ್ತಿದ್ದೇ ಹೇಳಿದೆ. ಹೊಟ್ಟೆಕಿಚ್ಚು ಅಷ್ಟಿತ್ತು.

ಎರಡು ವಾರ ಕಳೆದು ಕೆರೆಗೆ ಹೋದೆವು. ಷಡ್ಡಕ ಟೋಪಿ ಹಾಕಿಕೊಂಡು ಬಂದಿದ್ದ. ಬೀಸಿದ. ಲೈನು ಅವನ ಕಾಲ ಬುಡದಲ್ಲೇ ಶ್ಯಾವಿಗೆಯ ಹಾಗೆ ಬಿತ್ತು. ಮತ್ತೆ ಬೀಸಿದ, ಅದೇ. ಒಂದು ಸಲ ಬೆನ್ನಿಗೆ ಸುತ್ತಿಕೊಂಡಿತು. ವಿಮಾನವೊಂದು ತಲೆಯ ಮೇಲೆ ಹಾದು ಇಳಿದುಹೋಯಿತು, ಗುತ್ತಿಗೆಯವನು ದಡದಲ್ಲಿ ಕೂತು ಬೀಡಿ ಸೇದುತ್ತ ನಗುತ್ತಿದ್ದ. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. "ಮಣಿಕಟ್ಟು ಗಟ್ಟಿ ಇಟ್ಕೊಳ್ಳಿ ಡಾಕ್ಟ್ರೇ" ಎಂದು ಬೇರೆ ಹೇಳಿದೆ.

ಒಂದು ಗಂಟೆ ಒದ್ದಾಡಿ ಅವನು ಬೆವರು ಒರೆಸಿಕೊಂಡ.

"ನನ್ನ ಕೈಗೆ ಇದು ಬರಲ್ಲ ಭಾವ. ಅಂಗಡಿಯೋರು ಫೋನಲ್ಲಿ, ಕೋಲಿನ ಮೇಲೆ ನಂಬರ್ ಇರತ್ತೆ, ನೋಡಿ ಹೇಳಿ ಅಂದ್ರು. ಪೂಜೆ ಕುಂಕುಮ ಒರೆಸ್ಬೇಡಿ ಅಂದ್ಲು ನಿಮ್ಮ ನಾದಿನಿ. ನಮ್ಮ ಭಾವ ಹೇಳಿದ್ಮೇಲೆ ನೋಡೋದೇನ್ರೀ, ಐದೇ ಕಳಿಸಿ ಅಂತ ಅವ್ರಿಗೇ ದಬಾಯಿಸ್ದೆ. ಲೈನ್ ಸರಿಯಾಗೇ ಇದೆ, ನನ್ನ ಕೈಯೇ ಸರಿ ಇಲ್ಲ. ನೀವೇ ಇಟ್ಕೊಳ್ಳಿ ಇದನ್ನ."

ಕೋಲನ್ನು ನನ್ನ ಕೈಗಿತ್ತ. ವರ್ಷಗಳಿಂದ ಬೇಕಾಗಿದ್ದದ್ದು ಅದು. ಸುಮ್ಮನೆ ಒಂದು ಥ್ಯಾಂಕ್ಸ್ ಹೇಳಿ ಮನೆಗೆ ತಂದುಕೊಳ್ಳಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕಿತ್ತುಕೊಳ್ಳಬೇಕು ಎನ್ನುವಷ್ಟಿದ್ದ ಆಸೆ, ಅವನೇ ಕೊಟ್ಟ ಕೂಡಲೇ ಆರಿಹೋಯಿತು. ಹೆಬ್ಬೆರಳಿನಿಂದ ಕುಂಕುಮ ಉಜ್ಜಿ ತೆಗೆದು ಎಂಟನ್ನು ತೋರಿಸಿದೆ.

"ಲೈನೂ ಎಂಟೇ ಇರ್ಬೇಕಿತ್ತು. ಗೊತ್ತಿತ್ತು ನನಗೆ."

ಅವನು ನಂಬರನ್ನು ನೋಡಿದ, ನನ್ನನ್ನು ನೋಡಿದ. ಕೋಲು ವಾಪಸು ತೆಗೆದುಕೊಂಡು ಲೈನು ಸುತ್ತಿದ. ದಾರಿಯುದ್ದಕ್ಕೂ ಟ್ರಾಫಿಕ್ಕಿನ ವಿಷಯ, ಹಾಲಿನ ರೇಟಿನ ವಿಷಯ ಮಾತಾಡಿದ. ನಮ್ಮ ಮನೆ ಮುಂದೆ ಇಳಿಸಿ "ಬರ್ತೀನಿ ಭಾವ" ಎಂದ, ಯಾವತ್ತಿನ ಹಾಗೇ.

ಈಗ ಎಂಟರ ಲೈನು ತರಿಸಿಕೊಂಡಿದ್ದಾನೆ. ಒಬ್ಬನೇ ಹೋಗುತ್ತಾನಂತೆ, ಚೆನ್ನಾಗಿ ಬೀಸುತ್ತಾನಂತೆ, ಗುತ್ತಿಗೆಯವನು ಹೇಳಿದ. ಮೊನ್ನೆ ಮಾವನ ಮನೆಯಲ್ಲಿ ನಾವಿಬ್ಬರೂ ಊಟಕ್ಕೆ ಕೂತಾಗ, ಬೇಸಿಗೆಯಲ್ಲಿ ಮೀನು ಆಳಕ್ಕೆ ಇಳಿಯುತ್ತವೆಯೇ ಎಂದು ಮಾವ ಕೇಳಿದರು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಮಾವ ಕೇಳಿದ್ದು ಅವನನ್ನು.