ಎಡಗಾಲಿನ ಹೆಪ್ಪು

ಅವ್ವ ಕಾಲಿಗೆ ಉಜ್ಜಿದ್ದು ಹರಳೆಣ್ಣೆಯೇ ಇರಬೇಕು; ಅಥವಾ ಹಾಗೆ ಬರೆದರೆ ವಾಸನೆ ಬರುತ್ತದೆಂದು ಬರೆಯುತ್ತಿದ್ದೇನೋ ಏನೋ. ಕಾಲು ಮಾತ್ರ ಎಡಗಾಲು. ಅದಕ್ಕೆ ಆಸ್ಪತ್ರೆಯ ಕಾಗದವಿದೆ, ನೆನಪನ್ನು ನಂಬಬೇಕಿಲ್ಲ.

ಧಾರವಾಡದಲ್ಲಿ ಸೀಮಂತ ಮುಗಿಸಿ ಅವ್ವನನ್ನು ಕರೆದುಕೊಂಡು ರೈಲಿನಲ್ಲಿ ಹೌರಾಕ್ಕೆ ಬಂದಿದ್ದೆ. ಶೌಚಾಲಯಕ್ಕೆ ಹೇಸಿ ದಾರಿಯುದ್ದಕ್ಕೂ ನೀರು ಕುಡಿದಿರಲಿಲ್ಲ. ಹೊಟ್ಟೆ ಅಲುಗೀತೆಂದು ಅವ್ವ ಸೀಟು ಬಿಟ್ಟು ಏಳಗೊಟ್ಟಿರಲಿಲ್ಲ. ಮಾರನೆಯ ದಿನ ಸದರ್ನ್ ಅವೆನ್ಯೂವಿನ ನಮ್ಮ ಬಾಡಿಗೆ ಮನೆಯಲ್ಲಿ ನೋಡಿದರೆ ಎಡ ಮೀನಖಂಡ ಬಿಗಿದು ಕೆಂಪಾಗಿತ್ತು.

“ಒಂದ ಕಾಲ ಯಾಕ ಬಾತೈತಿ, ಯವ್ವಾ?”

“ನಿನ್ನ ಹೊತ್ತಾಗ ನನ್ನ ಕಾಲ ಕಂಬ ಆಗಿದ್ವು. ನಾ ಯಾವ ಡಾಕ್ಟರ್ ಕಡೆ ಓಡಿದ್ದೆ? ನಿನ್ನ ಪಿಎಚ್‌ಡಿಯೊಳಗ ಬಸರಿ ಕಾಲಿನ ಪಾಠ ಇಲ್ಲೇನು?”

ಎಣ್ಣೆ ಬೆಚ್ಚಗೆ ಮಾಡಿ ಪಾದದಿಂದ ಮೇಲಕ್ಕೆ ಉಜ್ಜಿದಳು. ಹಿತವಾಗಿತ್ತು. ಆ ಹಿತವನ್ನು ಇವತ್ತಿಗೂ ಕ್ಷಮಿಸಲಾಗಿಲ್ಲ.

ಸಂಜೆ ಉಸಿರು ಸಿಗದಾಯಿತು. ಎದೆಯಲ್ಲಿ ಚುಚ್ಚು. ಗಂಡ ಟ್ಯಾಕ್ಸಿ ಹಿಡಿದು ಕಸ್ಬಾ ಕಡೆಯ ಆಸ್ಪತ್ರೆಗೆ ಒಯ್ದ, ಅವ್ವನೂ ಜೊತೆಗೆ ಬಂದಳು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಚೂರೊಂದು ಶ್ವಾಸಕೋಶಕ್ಕೆ ಹೋಗಿದೆ, ಬಸುರಿನಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಒಂದೇ ಕಾಲು ಬಾತಾಗಲೇ ಬರಬೇಕಿತ್ತು ಎಂದರು ಡಾಕ್ಟರಮ್ಮ. ಆಮೇಲೆ ಹಿಂದಿಯಲ್ಲಿ ಕೇಳಿದರು, “ಯಾರಾದರೂ ಉಜ್ಜಿದರಾ?”

ಬಾಯಿಗೆ ಆಕ್ಸಿಜನ್ ಇತ್ತು. ಅವ್ವನತ್ತ ಬೆರಳು ತೋರಿದೆ. ಅವ್ವನಿಗೆ ಹಿಂದಿ ಬರುವುದಿಲ್ಲ. ಬೆರಳು ತಿಳಿಯಿತು.

ಹೆರಿಗೆಯವರೆಗೆ, ಅದರ ನಂತರವೂ ಕೆಲವು ವಾರ, ಹೆಪ್ಪು ತಡೆಯಲು ಹೊಟ್ಟೆಗೆ ದಿನಾ ಸೂಜಿ. ಮಗಳು ಬದುಕಿ ಹುಟ್ಟಿದಳು, ನಾನೂ ಉಳಿದೆ. ಊರಲ್ಲಿ ಓಣಿಯ ಕೂಸುಗಳಿಗೆಲ್ಲ ಎಣ್ಣೆ ಹಚ್ಚಿ ನೀರೆರೆದ ಅವ್ವ ಬಾಣಂತನಕ್ಕೆಂದೇ ಉಳಿದಿದ್ದವಳು, ಎಣ್ಣೆಯ ಬಟ್ಟಲು ಮುಟ್ಟಲಿಲ್ಲ. ಕೆಲಸಕ್ಕೆ ಗೊತ್ತುಮಾಡಿದ್ದ ಬಂಗಾಳಿ ಮಾಶಿ ಕೂಸನ್ನು ಕಾಲಮೇಲೆ ಹಾಕಿಕೊಂಡು ಸಾಸಿವೆ ಎಣ್ಣೆ ತಿಕ್ಕುವಾಗ ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ನೀನ ಹಚ್ಚಬೇ,” ಎಂದೆ.

“ಬ್ಯಾಡವಾ. ಈ ಕೂಸಿಗೆ ಏನಾರ ಆದ್ರ ಮತ್ತ ಬೆರಳ ತೋರಸ್ತಿ.”

ತಿಂಗಳು ಕಳೆದು ತಪಾಸಣೆಗೆ ಹೋದಾಗ ಡಾಕ್ಟರಮ್ಮನನ್ನು ಕೇಳಿದೆ, ಉಜ್ಜಿದ್ದರಿಂದಲೇ ಹೆಪ್ಪು ಮೇಲೆ ಹೋಯಿತೇ ಎಂದು. ಉಜ್ಜಬಾರದಿತ್ತು ನಿಜ, ಆದರೆ ಉಜ್ಜದಿದ್ದರೂ ಹೋಗಬಹುದಿತ್ತು, ಹೇಳಲಾಗದು ಎಂದರು.

ಅವ್ವನ ಕೈ ಕಾರಣವೋ ಅಲ್ಲವೋ ನನಗೆ ಗೊತ್ತಿಲ್ಲ. ಡಾಕ್ಟರಮ್ಮನ ಆ ಮಾತನ್ನು ಅವ್ವನಿಗೆ ಇನ್ನೂ ಯಾಕೆ ಹೇಳಿಲ್ಲ ಎನ್ನುವುದೂ ಗೊತ್ತಿಲ್ಲ.